ಪ್ರಿಂಟರ್ ಆಮೇಲೆ, ಮೊದಲು ರಿಬ್ಬನ್ ಕೇಳಿ

ನಮ್ಮಲ್ಲಿ ಶಾಲೆ ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೆ. ಕುಮಟಾದಲ್ಲಿ ಸ್ಟುಡಿಯೋ ಇಟ್ಟವನಿಗೆ ಇದೇ ತಲೆನೋವು. ಪಾಸ್‌ಪೋರ್ಟ್ ಸೈಜ್ ಫೋಟೋ ಅತಿ ಹೆಚ್ಚು ಬೇಕಾಗುವುದು ಜೂನ್‌ನಲ್ಲಿ. ಅಡ್ಮಿಶನ್, ಹಾಸ್ಟೆಲ್, ಬಸ್ ಪಾಸ್, ಸ್ಕಾಲರ್‌ಶಿಪ್, ಎಲ್ಲದಕ್ಕೂ ಫೋಟೋ. ಗೋಡೆ ಬೆವರುವುದೂ ಅದೇ ತಿಂಗಳು. ಇಂಥ ಊರಿನಲ್ಲಿ ನಾನು ಎರಡು ಸಲ ಹಳೆಯ ಫೋಟೋ ಪ್ರಿಂಟರ್ ಕೊಂಡ ಕಥೆ ಇದು.

2023ರ ಜೂನ್‌ನಲ್ಲಿ ಒಬ್ಬ ಅಜ್ಜಿ ಮೊಮ್ಮಗನ ಫೋಟೋ ತೆಗೆಸಿಕೊಂಡು ಹೋದರು. ಎಂಟು ಫೋಟೋ ಕತ್ತರಿಸಿ, ಒಂದರ ಮೇಲೊಂದು ಇಟ್ಟು, ಕವರಿಗೆ ಹಾಕಿ ಕೊಟ್ಟಿದ್ದೆ. ಮಧ್ಯಾಹ್ನ ಕೊಡೆ ಮಡಚುತ್ತ ವಾಪಸ್ ಬಂದರು. "ಎಂತದು ತಮಾ, ಮೊಮ್ಮಗನ ಮೋರೆ ಎಲ್ಲ ಒಂದಕ್ಕೊಂದು ಹಿಡ್ಕಂಡು ಕೂತದೆ!" ಅಂದರು. ಬಿಡಿಸಲು ಹೋದರೆ ಮೇಲಿನ ಫೋಟೋದ ಬೆನ್ನಿಗೆ ಕೆಳಗಿನ ಹುಡುಗನ ಕೆನ್ನೆ ಬಂತು. ಹಣ ವಾಪಸ್ ಕೊಟ್ಟೆ. ಹೊಸದಾಗಿ ಪ್ರಿಂಟ್ ಹಾಕಿ, ಹೇರ್ ಡ್ರೈಯರ್ ಹಿಡಿದು ಒಣಗಿಸಿ ಕೊಟ್ಟೆ. ಅಜ್ಜಿ ಅಷ್ಟೂ ಹೊತ್ತು ಬೆಂಚಿನ ಮೇಲೆ ಕೂತು ನೋಡಿದರು. ಫೋಟೋಕ್ಕೆ ತಲೆ ಒಣಗಿಸುವ ಮಷಿನ್ ಯಾಕೆ ಅಂತ ಅವರಿಗೆ ಕೊನೆಗೂ ಅರ್ಥವಾದ ಹಾಗೆ ಕಾಣಲಿಲ್ಲ.

ಆಗ ನನ್ನ ಹತ್ತಿರ ಇದ್ದದ್ದು ಆರು ಬಣ್ಣದ ಇಂಕ್ ಟ್ಯಾಂಕ್ ಪ್ರಿಂಟರ್, ಬಾಟಲಿಯಿಂದ ಇಂಕ್ ತುಂಬಿಸುವಂಥದ್ದು. ಫೋಟೋ ಅಂಟಿದ್ದು ಮಷಿನ್ ತಪ್ಪಲ್ಲ, ಅದನ್ನು ಹೇಳಿಬಿಡಬೇಕು. ಈ ಪ್ರಿಂಟರ್‌ಗಳ ಡೈ ಇಂಕ್ ಅಂದರೆ ಬಣ್ಣ ಕರಗಿಸಿದ ನೀರು. ಪೇಪರಿನ ಮೇಲಿನ ಲೇಪನ ಆ ನೀರನ್ನು ಹೀರಬೇಕು, ಆಮೇಲೆ ಅದು ಗಾಳಿಗೆ ಆರಬೇಕು. ಗಾಳಿಯೇ ಒದ್ದೆ ಇದ್ದರೆ ಎಲ್ಲಿಗೆ ಆರುತ್ತದೆ? ಅದರ ಮೇಲೆ ನಾನು ಕಡಿಮೆ ದರದ ಗ್ಲಾಸಿ ಪೇಪರ್ ಬಳಸುತ್ತಿದ್ದೆ. ಒಳ್ಳೆಯ ಫೋಟೋ ಪೇಪರ್ ಹಾಕಿದರೆ ಈ ಕಾಟ ಅರ್ಧಕ್ಕರ್ಧ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ತೇವ ಹಿಡಿಯಬಾರದು ಅಂತ ಪೇಪರ್ ಪ್ಯಾಕೆಟ್‌ಗಳನ್ನು ಕ್ಯಾಮೆರಾ ಲೆನ್ಸ್‌ಗಳ ಜೊತೆ ಬಲ್ಬು ಉರಿಯುವ ಕಪಾಟಿನಲ್ಲಿ ಇಡುತ್ತಿದ್ದೆ. ಇದು ಕರಾವಳಿಯ ಫೋಟೋಗ್ರಾಫರ್‌ಗಳ ಹಳೆಯ ಉಪಾಯ.

ಮಷಿನ್ ತಪ್ಪು ಜುಲೈನಲ್ಲಿ ಗೊತ್ತಾಯಿತು. ಬೆಳಿಗ್ಗೆ ಬಾಗಿಲು ತೆಗೆದರೆ ಮೇಜಿನ ಮೇಲೆ ಕರಿ-ನೇರಳೆ ಬಣ್ಣದ ನೀರು ಹರಿದು ಬಿಲ್ ಪುಸ್ತಕದ ತನಕ ಬಂದಿತ್ತು. ಟ್ಯಾಂಕ್ ಒಡೆದಿದೆ ಅಂದುಕೊಂಡೆ. ಟ್ಯಾಂಕ್ ಸರಿಯಾಗಿಯೇ ಇತ್ತು.

ಅದನ್ನು ನಾನು ಕೊಂಡದ್ದು 'ರೀಫರ್ಬಿಶ್ಡ್', ಅಂದರೆ ಹಳೆಯದನ್ನು ಸರಿಪಡಿಸಿದ್ದು ಅಂತ, ಆನ್‌ಲೈನಿನಲ್ಲಿ, ದೂರದ ಊರಿನ ಒಬ್ಬ ವ್ಯಾಪಾರಿಯಿಂದ. ಇಂಥ ಇಂಕ್‌ಜೆಟ್ ಪ್ರಿಂಟರ್ ಪ್ರತಿ ಸಲ ತನ್ನ ಹೆಡ್, ಅಂದರೆ ಇಂಕ್ ಚಿಮ್ಮಿಸುವ ಭಾಗ, ಕ್ಲೀನ್ ಮಾಡುವಾಗ ಒಂದಷ್ಟು ಇಂಕ್ ಚೆಲ್ಲುತ್ತದೆ. ಅಂಚಿಲ್ಲದ ಬಾರ್ಡರ್‌ಲೆಸ್ ಪ್ರಿಂಟ್ ಹಾಕಿದಾಗಲೂ ಪೇಪರಿನ ಆಚೆಗೆ ಬಿದ್ದ ಇಂಕ್ ಒಳಗೇ ಉಳಿಯುತ್ತದೆ. ಅದನ್ನೆಲ್ಲ ಹೀರಿಕೊಳ್ಳಲು ತಳದಲ್ಲಿ ಸ್ಪಂಜಿನಂಥ ಪ್ಯಾಡ್ ಇರುತ್ತದೆ. ಎಷ್ಟು ಚೆಲ್ಲಿದೆ ಅಂತ ಪ್ರಿಂಟರ್ ಲೆಕ್ಕ ಇಡುತ್ತದೆ, ಪ್ಯಾಡ್ ತುಂಬುವ ಹೊತ್ತಿಗೆ ಕೆಲಸ ನಿಲ್ಲಿಸಿಬಿಡುತ್ತದೆ. ಸರಿಯಾದ ದಾರಿ ಅಂದರೆ ಪ್ಯಾಡ್ ಬದಲಾಯಿಸಿ ಆ ಲೆಕ್ಕವನ್ನು ಸೊನ್ನೆ ಮಾಡುವುದು. ನನಗೆ ಮಾರಿದವನು ಸಾಫ್ಟ್‌ವೇರ್ ಹಾಕಿ ಲೆಕ್ಕ ಮಾತ್ರ ಸೊನ್ನೆ ಮಾಡಿದ್ದ. ಪ್ಯಾಡ್ ಹಳೆಯದೇ, ತುಂಬಿದ ಸ್ಪಂಜು. ಫೋನ್ ಮಾಡಿದರೆ "ರೀಸೆಟ್ ಮಾಡಿಯೇ ಕೊಟ್ಟಿದ್ದೇವಲ್ಲ ಸರ್" ಅಂದ. ಸುಳ್ಳೂ ಅಲ್ಲ. ವಾರಂಟಿ ಮೂರು ತಿಂಗಳದ್ದು, ಯಾವಾಗಲೋ ಮುಗಿದಿತ್ತು.

ಈಗಿನ ಕೆಲವು ಇಂಕ್ ಟ್ಯಾಂಕ್ ಮಾದರಿಗಳಲ್ಲಿ ಈ ಪ್ಯಾಡ್ ಒಂದು ಡಬ್ಬಿಯಲ್ಲಿ ಬರುತ್ತದೆ, ನಾವೇ ಬದಲಾಯಿಸಬಹುದು. ಹಳೆಯದನ್ನು ಕೊಳ್ಳುವವರು ಮೊದಲು ಅದನ್ನು ನೋಡಿಕೊಳ್ಳಿ. ಒಂದು ಮಾತು ನನಗೆ ಆಗ ಗೊತ್ತಿರಲಿಲ್ಲ. 'ರೀಫರ್ಬಿಶ್ಡ್' ಅಂದರೆ ಒರೆಸಿ ಹೊಳಪು ಬರಿಸಿದ್ದು ಅಲ್ಲ. ಬಿಚ್ಚಿ, ಸವೆದ ಭಾಗ ಬದಲಾಯಿಸಿ, ಓಡಿಸಿ ನೋಡಿ, ವಾರಂಟಿ ಕೊಟ್ಟದ್ದು. ಅದಿಲ್ಲದಿದ್ದರೆ ಅದು ಬರೀ ಸೆಕೆಂಡ್ ಹ್ಯಾಂಡ್. "ಏನೇನು ಬದಲಾಯಿಸಿದ್ದೀರಿ?" ಅಂತ ಕೇಳಿದರೆ ಸಾಕು, ಎದುರಿನವನು ಎಂಥ ವ್ಯಾಪಾರಿ ಅಂತ ಗೊತ್ತಾಗುತ್ತದೆ.

ಮುಂದಿನ ವರ್ಷ, 2024ರ ಮಾರ್ಚ್‌ನಲ್ಲಿ, ಶಿರಸಿ ಮಾರಿಕಾಂಬಾ ಜಾತ್ರೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಎಷ್ಟು ಜನ ಅಂತ ಹೇಳಬೇಕಾಗಿಲ್ಲ. ನಮ್ಮ ಭಾವ ಅಲ್ಲಿ ಸ್ಥಳದಲ್ಲೇ ಫೋಟೋ ತೆಗೆದು ಕೊಡುವ ಅಂಗಡಿ ಹಾಕಿದ್ದ. ನಾನು ಎರಡು ದಿನ ಸಹಾಯಕ್ಕೆ ಹೋದೆ. ಅವನ ಹತ್ತಿರ ಇದ್ದದ್ದು ಕ್ಯಾನನ್ ಸೆಲ್ಫಿ, ಊಟದ ಡಬ್ಬಿಯಷ್ಟೇ ಇರುವ ಪುಟ್ಟ ಪ್ರಿಂಟರ್. ಪೇಪರ್ ನಾಲ್ಕು ಸಲ ಹಿಂದೆ ಮುಂದೆ ಓಡುತ್ತದೆ. ಮೊದಲ ಸಲ ಬರೀ ಹಳದಿ ಮೋರೆ, ಎರಡನೇ ಸಲ ಅದರ ಮೇಲೆ ಕೆಂಪು, ಮೂರನೇ ಸಲ ನೀಲಿ ಬಿದ್ದು ಸರಿಯಾದ ಬಣ್ಣ, ಕೊನೆಗೊಂದು ಪಾರದರ್ಶಕ ಪದರ. ಮಕ್ಕಳು ಫೋಟೋಕ್ಕಿಂತ ಜಾಸ್ತಿ ಇದನ್ನೇ ನೋಡುತ್ತಿದ್ದರು. ಒಬ್ಬ ಹುಡುಗ ಕಬ್ಬಿನ ಹಾಲು ಅಂಟಿದ ಕೈಯಲ್ಲಿ ಫೋಟೋ ಹಿಡಿದ. ಅವನ ಅಮ್ಮ ಸೆರಗಿಗೆ ನೀರು ಹಚ್ಚಿ ಒರೆಸಿದರು. ಫೋಟೋಕ್ಕೆ ಏನೂ ಆಗಲಿಲ್ಲ. ನನಗೆ ತಕ್ಷಣ ನೆನಪಾದದ್ದು ಆ ಅಜ್ಜಿಯ ಮೊಮ್ಮಗ.

ಇದಕ್ಕೆ ಡೈ-ಸಬ್ಲಿಮೇಶನ್, ಚಿಕ್ಕದಾಗಿ ಡೈ-ಸಬ್ ಅನ್ನುತ್ತಾರೆ. ದ್ರವದ ಇಂಕೇ ಇಲ್ಲ. ಪ್ಲಾಸ್ಟಿಕ್ ಹಾಳೆಯಂಥ ರಿಬ್ಬನ್ನಿನಲ್ಲಿ ಬಣ್ಣ ಇರುತ್ತದೆ. ಥರ್ಮಲ್ ಹೆಡ್ ಅದನ್ನು ಬಿಸಿ ಮಾಡಿದಾಗ ಬಣ್ಣ ಆವಿಯಾಗಿ ಪೇಪರಿನ ಲೇಪನದೊಳಗೆ ಇಳಿಯುತ್ತದೆ. ಹೊರಗೆ ಬರುವಾಗಲೇ ಒಣಗಿರುತ್ತದೆ. ತಿಂಗಳುಗಟ್ಟಲೆ ಸುಮ್ನೆ ಇಟ್ಟರೂ ಇಂಕ್ ಒಣಗಿ ಹೆಡ್ ಬ್ಲಾಕ್ ಆಯಿತು ಅನ್ನುವ ಗೋಳಿಲ್ಲ.

ಹಾಗಾದರೆ ಸೆಲ್ಫಿಯನ್ನೇ ಹೊಸದು ತಗೊಂಡರಾಯಿತಲ್ಲ ಅಂತ ನಾನೂ ಅಂದುಕೊಂಡೆ. ಮಷಿನ್ ಅಗ್ಗ. ಆದರೆ ಒಂದು ರಿಬ್ಬನ್ನಿಗೆ 36 ಪ್ರಿಂಟ್, 108ರ ಪ್ಯಾಕೆಟ್ಟಿನಲ್ಲಿ ಮೂರು ರಿಬ್ಬನ್. ಒಂದು ಪ್ರಿಂಟಿಗೆ ಮುಕ್ಕಾಲು ನಿಮಿಷದ ಹತ್ತಿರ. ಮನೆಗೆ, ಪುಟ್ಟ ಜಾತ್ರೆಗೆ ಚೆನ್ನಾಗಿದೆ. ಜೂನ್ ತಿಂಗಳ ಸಾಲಿಗೆ ಸಾಲದು. ಪ್ರತಿ ಪ್ರಿಂಟಿನ ಖರ್ಚೂ ಸ್ಟುಡಿಯೋ ಲೆಕ್ಕಕ್ಕೆ ಜಾಸ್ತಿ ಬಿತ್ತು. ಸ್ಟುಡಿಯೋದವರು ಬಳಸುವ ಡೈ-ಸಬ್ ರೋಲ್ ಪ್ರಿಂಟರ್ ಬೇರೆ, ಅದರಲ್ಲಿ ಪೇಪರೂ ಸುರುಳಿಯಾಗಿ ಇರುತ್ತದೆ. ಜಪಾನಿನ ಡಿಎನ್‌ಪಿ ಕಂಪನಿಯ ಆರ್‌ಎಕ್ಸ್1ಎಚ್‌ಎಸ್ ಅಂತ ಒಂದಿದೆ. 4×6 ಇಂಚಿನ ಸೈಜಿಗೆ ಒಂದು ರೋಲಿನಲ್ಲಿ 700 ಪ್ರಿಂಟ್, ಒಂದು ಡಬ್ಬಿಯಲ್ಲಿ ಎರಡು ರೋಲ್. ಒಂದು ಫೋಟೋಕ್ಕೆ ಹನ್ನೆರಡು ಹದಿಮೂರು ಸೆಕೆಂಡ್. ಹೊಸದರ ಬೆಲೆ ಕೇಳಿ ಎರಡು ದಿನ ಸುಮ್ಮನಿದ್ದೆ. ಹೀಗಾಗಿ ಮತ್ತೆ ರೀಫರ್ಬಿಶ್ಡ್ ಹುಡುಕಾಟ.

ಮನೆಯವಳು "ಸುಟ್ಟುಕೊಂಡದ್ದು ಸಾಕಾಗಲಿಲ್ವಾ?" ಅಂದಳು. ಅದಕ್ಕೇ ಈ ಸಲ ಆನ್‌ಲೈನ್ ಬೇಡ, ಕಣ್ಣಾರೆ ನೋಡಿಯೇ ತರುತ್ತೇನೆ ಅಂದೆ. ಹುಬ್ಬಳ್ಳಿಯಲ್ಲಿ ಒಬ್ಬರು ಇಂಥ ಮಷಿನ್ ರಿಪೇರಿ ಮಾಡಿ ಮಾರುತ್ತಾರೆ ಅಂತ ಅಂಕೋಲೆಯ ಗೆಳೆಯ ಹೇಳಿದ್ದ. ಏಪ್ರಿಲ್ ಕೊನೆಗೆ ಅವನ ಓಮ್ನಿಯಲ್ಲೇ ಹೊರಟೆವು.

ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದು ಪ್ರಿಂಟರ್ ಅಲ್ಲ. "ಇದರ ರಿಬ್ಬನ್ನು, ಪೇಪರ್ ಎಲ್ಲಿ ಸಿಗುತ್ತದೆ? ಈಗ ನಿಮ್ಮ ಹತ್ತಿರ ಎಷ್ಟು ಡಬ್ಬಿ ಇದೆ?" ಅಂದೆ. ಅವರು ನಕ್ಕರು. "ಎಲ್ಲಾರೂ ಮಷಿನ್ ರೇಟ್ ಕೇಳ್ತಾರ್ರೀ, ನೀವು ಉಲ್ಟಾ ಅದೀರಿ" ಅಂದರು. ಪಕ್ಕದಲ್ಲೇ ಇನ್ನೊಂದು ಹಳೆಯ ಮಾದರಿ ಅರ್ಧ ಬೆಲೆಗೆ ಇತ್ತು. ಅದರ ರಿಬ್ಬನ್ ಹೊಂದಿಸುವುದು ಕಷ್ಟ ಅಂತ ಅವರೇ ಒಪ್ಪಿದರು. ಇಂಥ ಮಷಿನ್‌ಗಳಲ್ಲಿ ಬೇರೆ ಕಂಪನಿಯ ರಿಬ್ಬನ್ ಹಾಕಿ ಓಡಿಸುತ್ತೇನೆ ಅಂದರೆ ಸಾಮಾನ್ಯವಾಗಿ ಆಗುವುದಿಲ್ಲ. ಇಂಕ್ ಟ್ಯಾಂಕಿಗೆ ಯಾವುದೋ ಬಾಟಲಿ ಸುರಿದ ಹಾಗಲ್ಲ ಇದು. ರಿಬ್ಬನ್ ಸಿಗದಿದ್ದರೆ ಆ ಮಷಿನ್ ಮೇಜಿನ ಮೇಲಿನ ಕಲ್ಲು.

ಆಮೇಲೆ ಕೌಂಟರ್. ಈ ಪ್ರಿಂಟರ್‌ಗಳು ಹುಟ್ಟಿದಾಗಿನಿಂದ ಎಷ್ಟು ಪ್ರಿಂಟ್ ಹಾಕಿವೆ ಅಂತ ತಮ್ಮೊಳಗೇ ಬರೆದಿಟ್ಟುಕೊಳ್ಳುತ್ತವೆ. ಕಂಪ್ಯೂಟರಿಗೆ ಜೋಡಿಸಿದರೆ ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಬೈಕಿನ ಕಿಲೋಮೀಟರ್ ನೋಡಿದ ಹಾಗೆ. ಅಂಗಡಿಯಲ್ಲಿ ಮೂರು ಮಷಿನ್ ಇದ್ದವು. ಹೊರಗಿನಿಂದ ಅತಿ ಹೊಸದಾಗಿ ಕಂಡದ್ದೇ ಅತಿ ಜಾಸ್ತಿ ದುಡಿದಿತ್ತು. ಮೈಯೆಲ್ಲ ಗೀರು ಬಿದ್ದ, ಮದುವೆ ಛತ್ರಗಳಿಗೆ ಹೊತ್ತು ತಿರುಗಿದ ಹಾಗಿದ್ದ ಒಂದು, ಅದರ ಕಾಲುಭಾಗವೂ ಓಡಿರಲಿಲ್ಲ. ನಾನು ತಂದದ್ದು ಆ ಗೀರು ಬಿದ್ದದ್ದನ್ನೇ.

ತರುವ ಮೊದಲು ಪೆನ್‌ಡ್ರೈವ್‌ನಲ್ಲಿ ಒಯ್ದ ಎರಡು ಚಿತ್ರ ಹಾಕಿಸಿದೆ. ಒಂದು ಪೂರ್ತಿ ಬೂದು ಬಣ್ಣದ ಹಾಳೆ. ಸುಂದರವಾದ ಫೋಟೋದಲ್ಲಿ ದೋಷ ಅಡಗಿಕೊಳ್ಳುತ್ತದೆ, ಬೂದು ಬಣ್ಣದಲ್ಲಿ ಅಡಗುವುದಿಲ್ಲ. ಅದೇ ಹಾಳೆಯನ್ನು ಐದು ಸಲ ಹಾಕಿಸಿ ಸಾಲಾಗಿ ಇಟ್ಟೆವು. ಎಲ್ಲದರಲ್ಲೂ ಒಂದೇ ಜಾಗದಲ್ಲಿ, ಪೇಪರ್ ಓಡುವ ದಿಕ್ಕಿಗೆ ಸಪೂರ ಗೆರೆ ಇದ್ದು, ಹೆಡ್ ಒರೆಸಿದರೂ ಹೋಗದಿದ್ದರೆ ಥರ್ಮಲ್ ಹೆಡ್ಡಿಗೆ ಪೆಟ್ಟಾಗಿದೆ ಅಂತ ಅರ್ಥ. ಅದು ಸಣ್ಣ ಖರ್ಚಲ್ಲ. ಒಂದರಲ್ಲಿ ಇಲ್ಲಿ, ಇನ್ನೊಂದರಲ್ಲಿ ಅಲ್ಲಿ ಬಿಳಿ ಚುಕ್ಕೆ ಇದ್ದರೆ ಬರೀ ಧೂಳು, ಒರೆಸಿದರೆ ಹೋಗುತ್ತದೆ. ಇನ್ನೊಂದು ಚಿತ್ರ ನಮ್ಮೂರಿನದೇ ಮದುವೆಯದು. ಬಿಸಿಲಿಗೆ ಕಂದಿದ ಮುಖ, ರೇಷ್ಮೆ ಸೀರೆ, ಬಿಳಿ ಪಂಚೆ ಮೂರೂ ಇದ್ದದ್ದು. ಪಂಚೆ ಬಿಳಿಯಾಗಿಯೇ ಬಂದರೆ ಮಿಕ್ಕದ್ದನ್ನು ಆಮೇಲೆ ಸರಿ ಮಾಡಬಹುದು. ಬಂತು.

ಹೊಸದರ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಟ್ಟೆ. ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಮತ್ತು ಆರು ತಿಂಗಳ ವಾರಂಟಿ. ವಾರಂಟಿಯಲ್ಲಿ ಹೆಡ್ ಸೇರಿದೆ ಅಂತ ಬಿಲ್ಲಿನ ಮೇಲೆ ಕೈಯಿಂದ ಬರೆಸಿಕೊಂಡೆ. ಅವರಿಗೆ ಸ್ವಲ್ಪ ಬೇಜಾರಾಯಿತು, ಆಗಲಿ. ರೋಲೂ ರಿಬ್ಬನ್ನೂ ಹೊರಗೆ ತೆಗೆದು ಬೇರೆ ಕಟ್ಟಿ ಕೊಟ್ಟರು. ಹಾಗೆ ಮಾಡದೆ ಸಾಗಿಸಬಾರದು. ಹದಿನಾಲ್ಕು ಕಿಲೋದಷ್ಟು ಭಾರದ ಮಷಿನನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಸೀಟಿನ ಮೇಲೆ ಇಟ್ಟು, ಅರಬೈಲ್ ಘಟ್ಟದ ತಿರುವುಗಳಲ್ಲಿ ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡು ಬಂದೆ.

ಮೊದಲ ವಾರ ಸುಖವೇನೂ ಇರಲಿಲ್ಲ. ಮುಖಗಳೆಲ್ಲ ಕೆಂಪಗೆ, ಜ್ವರ ಬಂದವರ ಹಾಗೆ. ನೋಡಿದರೆ ಬಣ್ಣ ತಿದ್ದುವ ಕೆಲಸವನ್ನು ಫೋಟೋಶಾಪ್ ಒಮ್ಮೆ, ಪ್ರಿಂಟರ್ ಓಡಿಸುವ ಡ್ರೈವರ್ ಸಾಫ್ಟ್‌ವೇರ್ ಇನ್ನೊಮ್ಮೆ ಮಾಡುತ್ತಿತ್ತು. ಡ್ರೈವರ್‌ನಲ್ಲಿ ನಿಲ್ಲಿಸಿ, ಫೋಟೋಶಾಪ್‌ನಲ್ಲಿ ಪ್ರಿಂಟರ್ ಕಂಪನಿಯದೇ ಕಲರ್ ಪ್ರೊಫೈಲ್, ಅಂದರೆ ಯಾವ ಬಣ್ಣ ಹೇಗೆ ಬರಬೇಕು ಅಂತ ತಿಳಿಸುವ ಫೈಲು, ಆರಿಸಿದ ಮೇಲೆ ಜ್ವರ ಇಳಿಯಿತು. ನಡುನಡುವೆ ಬಂದ ಬಿಳಿ ಚುಕ್ಕೆಗಳಿಗೆ ಕಾರಣ ನಾನೇ, ಫ್ಯಾನ್ ತಿರುಗುವಾಗಲೇ ರೋಲ್ ಹಾಕಿದ್ದೆ. ಈಗ ಫ್ಯಾನ್ ಆರಿಸಿ, ಕೈ ತೊಳೆದು ಒರೆಸಿಕೊಂಡೇ ಮುಟ್ಟುತ್ತೇನೆ.

ದೊಡ್ಡ ಪಾಠ ಕಲಿಸಿದ್ದು ಕರೆಂಟು. ಮಳೆಗಾಲದಲ್ಲಿ ಹೆಸ್ಕಾಂ ಲೈನಿನ ಮೇಲೆ ಎಲ್ಲಾದರೂ ಮರ ಬೀಳದ ವಾರ ಇಲ್ಲ. ಪ್ರಿಂಟ್ ಅರ್ಧದಲ್ಲಿ ನಿಂತರೆ ಆ ಪೇಪರೂ ಹೋಯಿತು, ರಿಬ್ಬನ್ನಿನ ಆ ತುಂಡೂ ಹೋಯಿತು. ಕಂಪ್ಯೂಟರಿನ 600 ವಿಎ ಯುಪಿಎಸ್‌ಗೇ ಜೋಡಿಸಿ ನೋಡಿದೆ. ಕರೆಂಟ್ ಹೋದ ಹೊತ್ತಿಗೆ ಹೆಡ್ ಬಿಸಿಯಾಗುತ್ತಿದ್ದರೆ ಯುಪಿಎಸ್ ಒಮ್ಮೆ ಕೂಗಿ ಕೈಬಿಡುತ್ತಿತ್ತು. 1 ಕೆವಿಎ, ಅಂದರೆ 1000 ವಿಎದ್ದು ತಂದ ಮೇಲೆ ಸರಿಯಾಯಿತು. ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರಲಿಲ್ಲ.

ನನ್ನ ಕೊಳ್ಳುವ ದರದಲ್ಲಿ ಡೈ-ಸಬ್‌ನ ಒಂದು 4×6ಗೆ ಹತ್ತು ರೂಪಾಯಿ ಆಸುಪಾಸು ಬೀಳುತ್ತದೆ. ಇಂಕ್ ಟ್ಯಾಂಕಿನಲ್ಲಿ ಅದರ ಅರ್ಧವೂ ಇಲ್ಲ. ಆದರೆ ಡೈ-ಸಬ್‌ನಲ್ಲಿ ಚಿತ್ರ ಕಪ್ಪಿರಲಿ ಬಿಳಿಯಿರಲಿ ಖರ್ಚು ಒಂದೇ, ಹೆಡ್ ಕ್ಲೀನಿಂಗಿಗೆ ಚೆಲ್ಲುವುದಿಲ್ಲ, ವಾಪಸ್ ಬರುವ ಅಜ್ಜಿಯೂ ಇಲ್ಲ. ಒಂದು 4×6ರಲ್ಲಿ 35×45 ಮಿಲಿಮೀಟರಿನ ಎಂಟು ಫೋಟೋ ಕೂರುತ್ತವೆ. ಆ ಎಂಟಕ್ಕೆ ಗಿರಾಕಿ ಕೊಡುವ ಹಣದ ಮುಂದೆ ಐದಾರು ರೂಪಾಯಿಯ ವ್ಯತ್ಯಾಸ ದೊಡ್ಡದಲ್ಲ. ಅದೇ ರೋಲಿನಲ್ಲಿ ಗ್ಲಾಸಿ ಬೇಕಾದರೆ ಗ್ಲಾಸಿ, ಮ್ಯಾಟ್ ಬೇಕಾದರೆ ಮ್ಯಾಟ್. ಮೇಲಿನ ಪದರವನ್ನು ಹೆಡ್ ಹೇಗೆ ಬಿಸಿ ಮಾಡುತ್ತದೆ ಅನ್ನುವುದರಲ್ಲೇ ಅದು ಇದೆ.

ಕೊರತೆ ಅಂದರೆ ಸೈಜು. 6×8ಕ್ಕಿಂತ ದೊಡ್ಡದು ಇದರಲ್ಲಿ ಬರುವುದಿಲ್ಲ. ಯಕ್ಷಗಾನ ಕಲಾವಿದರು, ಗೋಡೆಗೆ ಹಾಕುವ ಅಜ್ಜ ಅಜ್ಜಿ, ಸನ್ಮಾನ ಪತ್ರ, ಎಲ್ಲ ಎ4 ಕೇಳುತ್ತವೆ. ಅದಕ್ಕೆ ಒಂದು ಆರು ಬಣ್ಣದ ಇಂಕ್ ಟ್ಯಾಂಕ್ ತಗೊಂಡೆ, ಈ ಸಲ ಹೊಸದೇ. ದ್ರವದ ಇಂಕಿನ ಮಷಿನನ್ನು ಹಳೆಯದು ಕೊಳ್ಳುವ ಧೈರ್ಯ ನನಗೆ ಇನ್ನು ಬರುವುದಿಲ್ಲ. ಒಳಗೆ ಯಾರು ಯಾವ ಬಾಟಲಿ ಸುರಿದಿದ್ದರು, ಎಷ್ಟು ತಿಂಗಳು ಒಣಗಿಸಿದ್ದರು ಅಂತ ಯಾವ ಕೌಂಟರೂ ಹೇಳುವುದಿಲ್ಲ. ಅದನ್ನು ವಾರಕ್ಕೆ ಎರಡು ಸಲವಾದರೂ ಒಂದು ಬಣ್ಣದ ಹಾಳೆ ಹಾಕಿ ಓಡಿಸುತ್ತೇನೆ, ಕೆಲಸ ಇಲ್ಲದಿದ್ದರೂ.

ಮುಗಿದ ರಿಬ್ಬನ್ ಬಗ್ಗೆ ಯಾರೂ ನನಗೆ ಹೇಳಿರಲಿಲ್ಲ. ಮೊದಲ ರೋಲ್ ಮುಗಿದಾಗ ಕಸಕ್ಕೆ ಹಾಕುವ ಮೊದಲು ಸುಮ್ನೆ ಬಿಚ್ಚಿ ಬೆಳಕಿಗೆ ಹಿಡಿದೆ. ಹಳದಿ, ಕೆಂಪು, ನೀಲಿ ಪಟ್ಟಿಗಳಲ್ಲಿ ಊರಿನವರೆಲ್ಲ ನೆಗೆಟಿವ್ ಹಾಗೆ ಕೂತಿದ್ದರು. ಹೈಸ್ಕೂಲಿನ ಹುಡುಗಿಯರು, ಬ್ಯಾಂಕಿನವರು, ಹೊಳೆಯಾಚೆಯ ಮಾಸ್ತರರು, ಒಬ್ಬೊಬ್ಬರೂ ಎಂಟೆಂಟು ಸಲ. ಗುರುತು ಹಿಡಿಯುವಷ್ಟು ಸ್ಪಷ್ಟ. ಅದನ್ನು ಕಸದ ಗಾಡಿಗೆ ಹಾಗೇ ಕೊಡಲು ಮನಸ್ಸು ಬರಲಿಲ್ಲ. ಈಗ ಪ್ರತಿ ರೋಲ್ ಮುಗಿದಾಗ ಸಂಜೆ ಅಂಗಡಿ ಬಾಗಿಲು ಅರ್ಧ ಎಳೆದು, ನಾನು ಬಿಚ್ಚುತ್ತ ಹೋಗುತ್ತೇನೆ, ಮನೆಯವಳು ಕತ್ತರಿ ಹಿಡಿದು ತುಂಡು ಮಾಡುತ್ತಾಳೆ. "ಇವಳಿಗೆ ಮದುವೆ ನಿಕ್ಕಿ ಆಯ್ತಂತೆ" ಅಂತ ನಡುನಡುವೆ ಸುದ್ದಿಯನ್ನೂ ಹೇಳುತ್ತಾಳೆ.