ದಿನಕ್ಕೊಂದು ಪ್ರಶ್ನೆ, ಜೊತೆಗೊಂದು ಚರ್ಚೆ: ಎಸ್‌ಕ್ಯೂಎಲ್ ಕಲಿಯುವುದು ಹೀಗೆ

ಡೇಟಾಬೇಸ್‌ಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್ ಓದುವಾಗ ತುಂಬ ಸುಲಭ ಅನಿಸುತ್ತದೆ. ಸೆಲೆಕ್ಟ್, ಫ್ರಮ್, ವೇರ್ ಎಂಬ ಪದಗಳನ್ನು ನೋಡಿದರೇ ಅರ್ಧ ಅರ್ಥವಾಗುತ್ತದೆ. 1970ರ ದಶಕದಲ್ಲಿ ಐಬಿಎಂನ ಡೊನಾಲ್ಡ್ ಚೇಂಬರ್ಲಿನ್ ಮತ್ತು ರೇಮಂಡ್ ಬಾಯ್ಸ್ ಇದನ್ನು ರೂಪಿಸಿದ್ದೇ ಹಾಗೆ. ಪ್ರೋಗ್ರಾಮಿಂಗ್ ಬಾರದವರೂ ಡೇಟಾಬೇಸ್‌ನಿಂದ ಮಾಹಿತಿ ಕೇಳಿ ಪಡೆಯಬೇಕು ಎಂಬುದು ಅವರ ಉದ್ದೇಶವಾಗಿತ್ತು.

ಕಷ್ಟ ಇರುವುದು ಬೇರೆ ಕಡೆ. ತಪ್ಪು ಕ್ವೆರಿ (ಡೇಟಾಬೇಸ್‌ಗೆ ಕೇಳುವ ಪ್ರಶ್ನೆ) ಬರೆದರೂ ಎಷ್ಟೋ ಸಲ ಎರರ್ ಬರುವುದಿಲ್ಲ. ಏನೋ ಒಂದು ಉತ್ತರ ಬರುತ್ತದೆ, ನೋಡಲು ಚೆನ್ನಾಗಿಯೇ ಇರುತ್ತದೆ. ಅದು ತಪ್ಪು ಅಂತ ಹಿಡಿಯಬೇಕಾದರೆ ಏನು ಬರಬೇಕಿತ್ತು ಎಂಬುದು ಮೊದಲೇ ಗೊತ್ತಿರಬೇಕು. ಸುಮ್ನೆ ವಿಡಿಯೊ ನೋಡುತ್ತಾ ಹೋದರೆ ಈ ಅಂದಾಜು ಬೆಳೆಯುವುದಿಲ್ಲ. ದಿನಾ ಒಂದು ಸಣ್ಣ ಪ್ರಶ್ನೆ ಬಿಡಿಸಿ, ಅದರ ಬಗ್ಗೆ ನಾಲ್ಕು ಜನರ ಜೊತೆ ಮಾತಾಡಿದರೆ ಬೆಳೆಯುತ್ತದೆ.

ಗುಂಪು ಮತ್ತು ಡೇಟಾಬೇಸ್

ಮೂರರಿಂದ ಐದು ಜನ ಸಾಕು. ಜಾಸ್ತಿ ಜನ ಆದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಕೇಳಿಸಿಕೊಂಡು ಎದ್ದು ಹೋಗುತ್ತಾರೆ. ಕಂಪ್ಯೂಟರ್‌ನಲ್ಲಿ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದು ಉಚಿತ, ಸರ್ವರ್ ಬೇಕಿಲ್ಲ, ಇಡೀ ಡೇಟಾಬೇಸ್ ಒಂದೇ ಫೈಲ್‌ನಲ್ಲಿರುತ್ತದೆ. ಆ ಫೈಲನ್ನು ಎಲ್ಲರಿಗೂ ಕಳಿಸಿದರೆ ಎಲ್ಲರ ಬಳಿಯೂ ಒಂದೇ ಡೇಟಾ ಇರುತ್ತದೆ.

ಟೇಬಲ್‌ಗಳು ತೀರಾ ಚಿಕ್ಕದಾಗಿರಲಿ. ಸಾವಿರ ಸಾಲುಗಳ ಡೇಟಾ ತಂದರೆ ಉತ್ತರ ಸರಿಯೇ ಎಂದು ಕಣ್ಣಲ್ಲಿ ನೋಡಿ ಹೇಳಲು ಆಗುವುದಿಲ್ಲ. ಒಂದು ಗ್ರಂಥಾಲಯದ ಉದಾಹರಣೆ ತೆಗೆದುಕೊಳ್ಳಿ. 'ಓದುಗರು' ಟೇಬಲ್‌ನಲ್ಲಿ ಐದು ಸಾಲು, ಓದುಗರ ಸಂಖ್ಯೆ (ಪ್ರತಿ ಓದುಗರ ಗುರುತಿನ ಸಂಖ್ಯೆ) 1ರಿಂದ 5. ಅವರಲ್ಲಿ ಒಬ್ಬರ ಫೋನ್ ನಂಬರ್ ಇಲ್ಲ, ಅಲ್ಲಿ ನಲ್ (ಮಾಹಿತಿ ಇಲ್ಲ ಎಂಬ ಗುರುತು) ಇದೆ. 'ಎರವಲು' ಟೇಬಲ್‌ನಲ್ಲಿ ನಾಲ್ಕು ಸಾಲು. ಅದರಲ್ಲಿರುವ ಓದುಗರ ಸಂಖ್ಯೆಗಳು 1, 1, 2, ಮತ್ತು ಒಂದು ನಲ್. ಇಷ್ಟರಲ್ಲೇ ಒಂದು ತಿಂಗಳಿಗೆ ಸಾಲುವಷ್ಟು ಪ್ರಶ್ನೆಗಳಿವೆ.

ಪ್ರಶ್ನೆ ಕೇಳುವ ಬಗೆ

'ಗ್ರೂಪ್ ಬೈ (ಸಾಲುಗಳನ್ನು ಗುಂಪು ಮಾಡುವುದು) ಎಂದರೇನು' ಎಂಬಂಥ ಪ್ರಶ್ನೆ ಬೇಡ. ಅದಕ್ಕೆ ಬಾಯಿಪಾಠದ ಉತ್ತರ ಬರುತ್ತದೆ. ಕ್ವೆರಿಯನ್ನು ಪೂರ್ತಿ ಕೊಟ್ಟು 'ಎಷ್ಟು ಸಾಲು ಬರುತ್ತವೆ, ಯಾಕೆ' ಎಂದು ಕೇಳಿ.

ಉದಾಹರಣೆಗೆ, ಓದುಗರು ಟೇಬಲನ್ನು ಎರವಲು ಟೇಬಲ್‌ಗೆ ಓದುಗರ ಸಂಖ್ಯೆಯ ಮೇಲೆ ಲೆಫ್ಟ್ ಜಾಯಿನ್ ಮಾಡಿದರೆ (ಎಡ ಟೇಬಲ್‌ನ ಎಲ್ಲ ಸಾಲುಗಳನ್ನೂ ಉಳಿಸಿಕೊಂಡು ಬಲ ಟೇಬಲ್‌ನ ಹೊಂದುವ ಸಾಲುಗಳನ್ನು ಜೋಡಿಸಿ, ಹೊಂದದ ಕಡೆ ನಲ್ ಇಟ್ಟರೆ) ಎಷ್ಟು ಸಾಲು? ಎಡಗಡೆ ಐದು ಜನ ಇದ್ದಾರೆ, ಹಾಗಾಗಿ ಐದು ಎಂದು ಹೊಸಬರು ಬರೆಯುತ್ತಾರೆ. ಬರುವುದು ಆರು. ಮೊದಲ ಓದುಗರಿಗೆ ಎರಡು ಎರವಲು ಇರುವುದರಿಂದ ಎರಡು ಸಾಲು, ಎರಡನೆಯವರಿಗೆ ಒಂದು, ಏನೂ ಪಡೆಯದ ಮೂವರಿಗೆ ತಲಾ ಒಂದು. ನಲ್ ಇರುವ ಎರವಲು ಯಾರಿಗೂ ಹೊಂದುವುದಿಲ್ಲ, ಅದು ಬರುವುದೇ ಇಲ್ಲ.

ಮರುದಿನ ಇದನ್ನೇ ಸ್ವಲ್ಪ ತಿರುಗಿಸಿ. ಅದೇ ಜಾಯಿನ್‌ನಲ್ಲಿ ಓದುಗರವಾರು ಗ್ರೂಪ್ ಮಾಡಿ, ಪ್ರತಿಯೊಬ್ಬರೂ ಎಷ್ಟು ಪುಸ್ತಕ ಪಡೆದಿದ್ದಾರೆ ಎಂದು ಕೌಂಟ್(*) ಹಾಕಿ ಎಣಿಸಿದರೆ? ಒಂದೂ ಪುಸ್ತಕ ಪಡೆಯದವರಿಗೂ 1 ಬರುತ್ತದೆ! ಕೌಂಟ್(*) ಸಾಲುಗಳನ್ನು ಎಣಿಸುತ್ತದೆ, ಅವರ ಹೆಸರಿನಲ್ಲಿ ಒಂದು ಸಾಲು ಇದೆಯಲ್ಲ. ಎರವಲು ಟೇಬಲ್‌ನ ಓದುಗರ ಸಂಖ್ಯೆಯ ಕಾಲಂ ಹಾಕಿ ಎಣಿಸಿದರೆ ಸರಿಯಾಗಿ 0 ಬರುತ್ತದೆ, ಏಕೆಂದರೆ ಕಾಲಂ ಕೊಟ್ಟಾಗ ಕೌಂಟ್ ನಲ್‌ಗಳನ್ನು ಬಿಟ್ಟುಬಿಡುತ್ತದೆ. ನಿಜವಾದ ಕೆಲಸದ ವರದಿಗಳಲ್ಲೂ ನುಸುಳುವ ತಪ್ಪು ಇದು.

ರನ್ ಒತ್ತುವ ಮೊದಲು ಉತ್ತರ ಬರೆಯಿರಿ

ಇಡೀ ವಿಧಾನದಲ್ಲಿ ಒಂದೇ ಒಂದು ನಿಯಮ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ಪ್ರತಿಯೊಬ್ಬರೂ ತಮ್ಮ ಉತ್ತರವನ್ನು ಕಾರಣದ ಸಮೇತ ಕಾಗದದ ಮೇಲೆ ಬರೆಯಬೇಕು. ಬೇರೆಯವರ ಉತ್ತರ ನೋಡುವ ಹಾಗಿಲ್ಲ. ಬರೆಯದೆ ರನ್ ಮಾಡಿದರೆ 'ಹೌದು, ನಾನೂ ಇದನ್ನೇ ಅಂದುಕೊಂಡಿದ್ದೆ' ಎಂದು ಮನಸ್ಸು ಹೇಳಿಬಿಡುತ್ತದೆ. ಬರೆದಿದ್ದರೆ ಹಾಗೆ ಹೇಳಲು ಆಗುವುದಿಲ್ಲ, ಅಲ್ವಾ?

ನೆನಪಿನಿಂದ ಉತ್ತರ ತೆಗೆಯುವುದೇ ಕಲಿಕೆ ಎಂಬುದಕ್ಕೆ ಆಧಾರವೂ ಇದೆ. ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಪಠ್ಯವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರ ಮುಂದಿದ್ದರು. ಒಂದು ವಾರ ಕಳೆದ ಮೇಲೆ ನೋಡಿದರೆ, ಓದಿದ್ದನ್ನು ನೆನಪಿನಿಂದ ಬರೆದವರೇ ಹೆಚ್ಚು ಉಳಿಸಿಕೊಂಡಿದ್ದರು.

ಚರ್ಚೆ ನಡೆಸುವುದು

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದಲ್ಲಿ ತಮ್ಮ ತರಗತಿಯಲ್ಲಿ ಒಂದು ಪದ್ಧತಿ ತಂದರು. ಪ್ರಶ್ನೆ ಕೊಡುವುದು, ಪ್ರತಿಯೊಬ್ಬರೂ ಒಂಟಿಯಾಗಿ ಉತ್ತರಿಸುವುದು, ಪಕ್ಕದವರ ಜೊತೆ ಚರ್ಚಿಸುವುದು, ಮತ್ತೆ ಉತ್ತರಿಸುವುದು. ಎಸ್‌ಕ್ಯೂಎಲ್‌ಗೆ ಇದು ಹೇಳಿ ಮಾಡಿಸಿದ ಹಾಗಿದೆ. ಬೇರೆ ಬೇರೆ ಉತ್ತರ ಬರೆದ ಇಬ್ಬರು ಎದುರುಬದುರು ಕೂತು ತಮ್ಮ ಕಾರಣ ಹೇಳಲಿ. ಹೆಚ್ಚು ಗೊತ್ತಿರುವವರು ಕೊನೆಗೆ ಮಾತಾಡಲಿ. ಎಲ್ಲರೂ ಎರಡನೇ ಸಲ ಉತ್ತರ ಬರೆದ ಮೇಲಷ್ಟೇ ರನ್ ಮಾಡಿ.

ಒಂದು ಒಳ್ಳೆಯ ಚರ್ಚೆಯ ಪ್ರಶ್ನೆ: ಒಂದೂ ಪುಸ್ತಕ ಪಡೆಯದ ಓದುಗರನ್ನು ಹುಡುಕಲು 'ಓದುಗರ ಸಂಖ್ಯೆ ನಾಟ್ ಇನ್ (ಎರವಲು ಟೇಬಲ್‌ನ ಓದುಗರ ಸಂಖ್ಯೆಗಳು)' ಎಂದು ಬರೆದರೆ ಎಷ್ಟು ಜನ ಸಿಗುತ್ತಾರೆ? 3, 4, 5 ಎಂದು ಕೈಯಲ್ಲಿ ಎಣಿಸಿ ಎಲ್ಲರೂ 'ಮೂವರು' ಎನ್ನಬಹುದು. ರನ್ ಮಾಡಿದರೆ ಒಬ್ಬರೂ ಬರುವುದಿಲ್ಲ. ಪಟ್ಟಿಯಲ್ಲಿರುವ ಆ ಒಂದು ನಲ್ ಇದಕ್ಕೆ ಕಾರಣ. 3 ಎಂಬುದು ನಲ್‌ಗಿಂತ ಬೇರೆಯೇ ಎಂದು ಕೇಳಿದರೆ ಎಸ್‌ಕ್ಯೂಎಲ್ ಹೌದು ಎನ್ನುವುದಿಲ್ಲ, ಇಲ್ಲ ಎನ್ನುವುದೂ ಇಲ್ಲ. 'ತಿಳಿಯದು' ಎನ್ನುತ್ತದೆ. ವೇರ್ ಒಳಗೆ ಬಿಡುವುದು ಖಚಿತವಾಗಿ 'ಹೌದು' ಆದ ಸಾಲುಗಳನ್ನು ಮಾತ್ರ. ನಾಟ್ ಎಕ್ಸಿಸ್ಟ್ಸ್ (ಹೊಂದುವ ಸಾಲು ಒಂದೂ ಇಲ್ಲವೇ ಎಂದು ನೋಡುವುದು) ಬಳಸಿ ಅದೇ ಪ್ರಶ್ನೆ ಬರೆದರೆ ಮೂವರೂ ಸಿಗುತ್ತಾರೆ. ಈ ಎರಡರ ವ್ಯತ್ಯಾಸವನ್ನು ಗುಂಪಿನ ಪ್ರತಿಯೊಬ್ಬರೂ ಸ್ವಂತ ಮಾತಿನಲ್ಲಿ ಹೇಳುವವರೆಗೆ ಮುಂದಿನ ಪ್ರಶ್ನೆಗೆ ಹೋಗಬೇಡಿ. ಎರಡು ದಿನ ಹಿಡಿದರೂ ಪರವಾಗಿಲ್ಲ.

ಕೆಲವೊಮ್ಮೆ ಇಬ್ಬರ ಉತ್ತರವೂ ಸರಿಯಾಗಿರುತ್ತದೆ. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎಂಬ ಬೇರೆ ಡೇಟಾಬೇಸ್ ಸಾಫ್ಟ್‌ವೇರ್‌ಗಳೂ ಇವೆ. 5 / 2 ಕೇಳಿದರೆ ಪೋಸ್ಟ್‌ಗ್ರೆಸ್ ಮತ್ತು ಎಸ್‌ಕ್ಯೂಲೈಟ್ 2 ಕೊಡುತ್ತವೆ, ಮೈಎಸ್‌ಕ್ಯೂಎಲ್ ದಶಮಾಂಶದಲ್ಲಿ ಎರಡೂವರೆ ಕೊಡುತ್ತದೆ. ಸೆಲೆಕ್ಟ್‌ನಲ್ಲಿ ಇಟ್ಟ ಹೊಸ ಹೆಸರನ್ನು ವೇರ್‌ನಲ್ಲಿ ಬಳಸಲು ಪೋಸ್ಟ್‌ಗ್ರೆಸ್ ಬಿಡುವುದಿಲ್ಲ, ಎಸ್‌ಕ್ಯೂಲೈಟ್ ಬಿಡುತ್ತದೆ. ಹಾಗಾಗಿ ಪ್ರಶ್ನೆಯ ಜೊತೆ ಸಾಫ್ಟ್‌ವೇರ್ ಹೆಸರೂ ಇರಲಿ.

ತಪ್ಪಿದ ಪ್ರಶ್ನೆಗೆ ಮರುದಿನಾಂಕ

ತಪ್ಪಿದ ಪ್ರಶ್ನೆಯನ್ನು ಮೂರು ದಿನ ಬಿಟ್ಟು, ಆಮೇಲೆ ಒಂದು ವಾರ ಬಿಟ್ಟು ಮತ್ತೆ ಕೇಳಿ. ಡೇಟಾ ಮಾತ್ರ ಬದಲಿಸಿ, ಇಲ್ಲದಿದ್ದರೆ ಸಂಖ್ಯೆಯಷ್ಟೇ ನೆನಪಿರುತ್ತದೆ.

ವಿಷಯಗಳ ಕ್ರಮ ಹೀಗಿರಬಹುದು: ಮೊದಲು ವೇರ್ ಮತ್ತು ನಲ್, ನಂತರ ಗ್ರೂಪ್ ಬೈ ಮತ್ತು ಹ್ಯಾವಿಂಗ್ (ಗುಂಪುಗಳನ್ನು ಸೋಸುವುದು), ಆಮೇಲೆ ಜಾಯಿನ್, ಸಬ್‌ಕ್ವೆರಿ (ಕ್ವೆರಿಯೊಳಗಿನ ಕ್ವೆರಿ), ಕೊನೆಗೆ ವಿಂಡೋ ಫಂಕ್ಷನ್ (ಸಾಲುಗಳನ್ನು ಒಂದಾಗಿಸದೆಯೇ ಅವುಗಳ ಮೇಲೆ ಲೆಕ್ಕ ಹಾಕುವುದು). ಜಾಯಿನ್‌ಗೆ ಉಳಿದೆಲ್ಲಕ್ಕಿಂತ ಹೆಚ್ಚು ದಿನ ಕೊಡಿ.

ಪ್ರಶ್ನೆ ಬರೆಯುವ ಸರದಿ

ಎರಡನೇ ವಾರದಿಂದ ಪ್ರಶ್ನೆ ತಯಾರಿಸುವ ಕೆಲಸ ಸರದಿಯಲ್ಲಿ ಎಲ್ಲರಿಗೂ ಬರಲಿ. ಒಂದು ಸರಿ ಉತ್ತರ, ಮೂರು ತಪ್ಪು ಆಯ್ಕೆ. ತಪ್ಪು ಆಯ್ಕೆಗಳನ್ನು ಬಾಯಿಗೆ ಬಂದ ಸಂಖ್ಯೆಗಳಿಂದ ತುಂಬಬೇಡಿ. ಒಂದೊಂದರ ಹಿಂದೆಯೂ ಒಂದು ತಪ್ಪು ತಿಳಿವಳಿಕೆ ಇರಬೇಕು. ಮೇಲಿನ ಲೆಫ್ಟ್ ಜಾಯಿನ್ ಪ್ರಶ್ನೆಗೆ 5 ಎಂದರೆ ಎಡ ಟೇಬಲ್‌ನ ಸಾಲುಗಳನ್ನಷ್ಟೇ ಎಣಿಸಿದವರು, 3 ಎಂದರೆ ಇನ್ನರ್ ಜಾಯಿನ್ (ಎರಡೂ ಕಡೆ ಹೊಂದುವ ಸಾಲುಗಳು ಮಾತ್ರ) ಎಂದುಕೊಂಡವರು, 7 ಎಂದರೆ ನಲ್ ಇರುವ ಎರವಲನ್ನೂ ಸೇರಿಸಿಕೊಂಡವರು. ಯಾರು ಯಾವುದನ್ನು ಆರಿಸಿದರು ಎಂದು ಬರೆದಿಟ್ಟರೆ ಮುಂದಿನ ವಾರದ ಪ್ರಶ್ನೆಗಳು ಅದರಿಂದಲೇ ಸಿಗುತ್ತವೆ.