ಹೀಟ್ ಪಂಪಿಗೆ ಗಾಳಿಯ ದಾರಿ, ನೀರಿನ ದಾರಿ

ಮೊದಲ ಚಳಿಗಾಲದ ಒಂದು ಬೆಳಿಗ್ಗೆ ಕಿಟಕಿಯಿಂದ ನೋಡಿದರೆ, ಮನೆ ಬೆಚ್ಚಗಿಡುವ ನಮ್ಮ ಹೀಟ್ ಪಂಪಿನ ಹೊರಗಿನ ಯೂನಿಟ್‌ನಿಂದ ದಟ್ಟವಾಗಿ ಬಿಳಿ ಹೊಗೆ ಏಳುತ್ತಿತ್ತು. ಫ್ಯಾನ್ ನಿಂತುಬಿಟ್ಟಿತ್ತು. ಬೆಂಕಿ ಹತ್ತಿಕೊಂಡಿದೆ ಅಂದುಕೊಂಡು ನೆಲಮಾಳಿಗೆಗೆ ಓಡಿ ಬ್ರೇಕರ್ ಆರಿಸಿದೆ. ಆಮೇಲೆ ಗೊತ್ತಾಯಿತು, ಅದು ಹೊಗೆಯಲ್ಲ, ಹಬೆ. ಹೊರಗಿನ ಕಾಯಿಲ್, ಅಂದರೆ ಶಾಖ ಹೊತ್ತೊಯ್ಯುವ ಗ್ಯಾಸ್ ಓಡುವ ಕೊಳವೆಗಳ ಸುರುಳಿಯ ಮೇಲೆ ಕಟ್ಟಿಕೊಂಡ ಹಿಮವನ್ನು ಯಂತ್ರ ತಾನೇ ಕರಗಿಸಿಕೊಳ್ಳುತ್ತಿತ್ತು. ಐದು ಹತ್ತು ನಿಮಿಷ ಸುಮ್ನೆ ಬಿಟ್ಟಿದ್ದರೆ ಮತ್ತೆ ಬಿಸಿಗಾಳಿ ಕೊಡುತ್ತಿತ್ತು.

ನಾವಿರುವುದು ಕೆನಡಾದ ನೋವಾ ಸ್ಕೋಷಿಯಾದಲ್ಲಿ, ಹ್ಯಾಲಿಫ್ಯಾಕ್ಸ್ ಬಂದರಿನ ಆಚೆ ದಡದ ಡಾರ್ಟ್‌ಮೌತ್‌ನಲ್ಲಿ. ಇಲ್ಲಿ ಎಷ್ಟೋ ಹಳೇ ಮನೆಗಳಲ್ಲಿ ಎಣ್ಣೆ ಸುಟ್ಟು ಮನೆ ಬೆಚ್ಚಗೆ ಇಟ್ಟುಕೊಳ್ಳುತ್ತಾರೆ. ನಮ್ಮದೂ ಅಂಥದ್ದೇ ಮನೆ. 2021ರಲ್ಲಿ ಹೀಟ್ ಪಂಪ್ ಹಾಕಿಸಿದೆವು. ನೋಡೋಕೆ ನಮ್ಮೂರ ಸ್ಪ್ಲಿಟ್ ಏಸಿ ಇದ್ದ ಹಾಗೇ ಇದೆ. ಏಸಿ ಒಳಗಿನ ಶಾಖವನ್ನು ಹೊರಗೆ ಹಾಕಿದರೆ ಇದು ಚಳಿಗಾಲದಲ್ಲಿ ಹೊರಗಿನ ಗಾಳಿಯಲ್ಲಿರುವ ಶಾಖವನ್ನು ಹೀರಿ ಒಳಗೆ ತರುತ್ತದೆ. ಬೇಸಿಗೆ ಬಂದರೆ ಮಾಮೂಲಿ ಏಸಿ. ತೀರಾ ಚಳಿ ಇಲ್ಲದ ದಿನ ಒಂದು ಯೂನಿಟ್ ಕರೆಂಟಿಗೆ ಸುಮಾರು ಮೂರು ಯೂನಿಟ್ ಶಾಖ ಸಿಗುತ್ತದೆ. ಚಳಿ ಜಾಸ್ತಿ ಆದಷ್ಟೂ ಈ ಲಾಭ ಇಳಿಯುತ್ತದೆ.

ಇಷ್ಟು ವರ್ಷ ನೋಡಿಕೊಂಡ ಮೇಲೆ ನನಗೆ ಅರ್ಥವಾದದ್ದು ಇಷ್ಟು. ಗಾಳಿ ಬರುವ ದಾರಿ, ನೀರು ಹೋಗುವ ದಾರಿ ಎರಡೂ ಚೊಕ್ಕಟವಾಗಿದ್ದರೆ ಮನೆಯವರ ಕೆಲಸ ಮುಕ್ಕಾಲು ಮುಗಿದ ಹಾಗೆ. ಉಳಿದದ್ದು ಟೆಕ್ನಿಷಿಯನ್ ಕೆಲಸ.

ಗಾಳಿಯ ದಾರಿ ಅಂದರೆ ಮೊದಲು ಒಳಗಿನ ಯೂನಿಟ್‌ನ ಫಿಲ್ಟರ್. ತಿಂಗಳಿಗೊಮ್ಮೆ ತೊಳೆದರೆ ಸಾಕು ಎಂದು ಹಾಕಿಕೊಟ್ಟವರು ಹೇಳಿದ್ದರು. ನಮ್ಮ ಮನೆಗೆ ಅದು ಸಾಲದು. ನಮ್ಮ ಯೂನಿಟ್ ಇರುವುದು ಅಡುಗೆಮನೆಗೆ ಎದುರಾದ ಗೋಡೆಯ ಮೇಲೆ. ದಿನಾ ಎರಡು ಹೊತ್ತು ಒಗ್ಗರಣೆ. ಆ ಎಣ್ಣೆ ಹೊಗೆ ಸೀದಾ ಫಿಲ್ಟರ್‌ಗೆ ಹೋಗಿ ಕೂರುತ್ತದೆ. ಮೂರು ವಾರಕ್ಕೇ ಜಾಲರಿ ಅಂಟಂಟು. ಅದರ ಮೇಲೆ ಧೂಳು ಕೂತು ಬೂದು ಬಣ್ಣದ ಕಂಬಳಿ ತರ ಆಗಿರುತ್ತದೆ, ಉಗುರಿನಿಂದ ಎಳೆದರೆ ಪದರವಾಗಿ ಎದ್ದು ಬರುತ್ತದೆ. ಬರೀ ನೀರಿಗೆ ಇದು ಬಗ್ಗಲ್ಲ. ಪಾತ್ರೆ ತೊಳೆಯುವ ಸೋಪು ನಾಲ್ಕು ಹನಿ ಹಾಕಿ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ಸವರಬೇಕು. ಕುದಿಯುವ ನೀರು ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ನೆರಳಲ್ಲಿ ಪೂರ್ತಿ ಒಣಗಿಸಿಯೇ ಹಾಕಬೇಕು. ಒದ್ದೆ ಫಿಲ್ಟರ್ ಹಾಕಿದರೆ ಒಳಗೆ ಬೂಷ್ಟು ಬರುತ್ತದೆ. ಈಗ ನಮ್ಮಲ್ಲಿ ಹದಿನೈದು ದಿನಕ್ಕೊಮ್ಮೆ ಇದು ನಡೆಯುತ್ತದೆ, ಒಗ್ಗರಣೆ ಹಾಕುವಾಗ ಒಲೆ ಮೇಲಿನ ಚಿಮಣಿಯನ್ನೂ ತಪ್ಪದೆ ಹಾಕುತ್ತೇವೆ.

ನೀರಿನ ದಾರಿಯ ಮಹತ್ವ ಗೊತ್ತಾಗಿದ್ದು ಅಮ್ಮ ಶಿವಮೊಗ್ಗದಿಂದ ಬಂದಿದ್ದ ಬೇಸಿಗೆಯಲ್ಲಿ. ಜುಲೈ ತಿಂಗಳು, ಗಾಳಿಯಲ್ಲಿ ತೇವ ಜಾಸ್ತಿ, ದಿನವಿಡೀ ಏಸಿ ಓಡುತ್ತಿತ್ತು. ಮಧ್ಯಾಹ್ನ ಅಮ್ಮ ಕರೆದರು, "ಇಲ್ಲಿ ಬಾರೋ, ಗೋಡೆ ಬೆವರ್ತಾ ಇದೆ." ನೋಡಿದರೆ ಯೂನಿಟ್‌ನ ಬಲತುದಿಯಿಂದ ನೀರು ಗೋಡೆಗುಂಟ ಇಳಿದು ಬಣ್ಣ ಉಬ್ಬಿತ್ತು. ಕಾಯಿಲ್‌ನೊಳಗಿನ ಗ್ಯಾಸ್ ಸೋರುತ್ತಿದೆ ಅಂತ ನನಗೆ ಭಯ. ಆದರೆ ಗ್ಯಾಸ್ ಸೋರಿದರೆ ಹೀಗೆ ನೀರಾಗಿ ಇಳಿಯುವುದಿಲ್ಲ. ತಣ್ಣಗಿನ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗಿ, ಕೆಳಗಿನ ತಟ್ಟೆಗೆ ಬಿದ್ದು, ಡ್ರೈನ್ ಪೈಪಿನಲ್ಲಿ ಹೊರಗೆ ಹೋಗಬೇಕು. ಆ ಪೈಪು ಕಟ್ಟಿತ್ತು.

ಬ್ರೇಕರ್ ಆರಿಸಿದೆ. ಹೊರಗೆ ಹೋಗಿ ಪೈಪಿನ ತುದಿಗೆ ನೀರು ಎಳೆಯುವ ವ್ಯಾಕ್ಯೂಮ್ ಕೊಳವೆ ಹಿಡಿದು, ಸಂದಿಗೆ ಒದ್ದೆ ಬಟ್ಟೆ ಸುತ್ತಿದೆ. ಎರಡು ನಿಮಿಷ ಏನೂ ಇಲ್ಲ. ಆಮೇಲೆ ಗೊಳಕ್ ಅಂತ ಸದ್ದು. ವ್ಯಾಕ್ಯೂಮ್ ಬಿಚ್ಚಿ ನೋಡಿದರೆ ಬೆಂಡೆಕಾಯಿ ಲೋಳೆ ತರದ್ದು, ಕಂದು ಬಣ್ಣ, ಗೇಣುದ್ದ. ಒಳಗೆ ಬಂದು ತಟ್ಟೆಗೆ ಒಂದು ಲೋಟ ನೀರು ನಿಧಾನಕ್ಕೆ ಸುರಿದೆ. ಅಮ್ಮ ಹೊರಗೆ ನಿಂತು "ಬಂತು ಬಂತು" ಅಂದರು. ಈಗ ಪ್ರತಿ ವರ್ಷ ಜೂನ್ ಮೊದಲ ವಾರವೇ ಪೈಪು ಎಳೆದು ಚೊಕ್ಕಟ ಮಾಡಿಬಿಡುತ್ತೇನೆ.

ಚಳಿಗಾಲದ ಕೆಲಸವೆಲ್ಲ ಹೊರಗೆ. ಯೂನಿಟ್ ನೆಲದಿಂದ ಎತ್ತರದ ಸ್ಟ್ಯಾಂಡ್ ಮೇಲಿದೆ, ಹಿಮ ಕರಗಿದ ನೀರು ಕೆಳಗೆ ಬೀಳೋಕೆ ಜಾಗ ಬೇಕಲ್ವಾ. ಹಿಮ ಬಿದ್ದ ಮೇಲೆ ಕಾರಿನ ದಾರಿ ಬಿಡಿಸುವ ಮೊದಲು ಸಲಿಕೆ ಹಿಡಿದು ಇದರ ಸುತ್ತ ಬಿಡಿಸುತ್ತೇನೆ. ಹಿಂದೆ, ಪಕ್ಕದಲ್ಲಿ ಒಂದಡಿ, ಮುಂದೆ ಇನ್ನೂ ಜಾಸ್ತಿ.

2023ರ ಫೆಬ್ರವರಿ ಮೊದಲ ವಾರ ಇಲ್ಲಿ ಕೊರೆಯುವ ಚಳಿ ಬಂತು. ನಮ್ಮ ಅಂಗಳದ ಥರ್ಮಾಮೀಟರ್ ಮೈನಸ್ 20ಕ್ಕಿಂತ ಕೆಳಗಿತ್ತು. ಅದಕ್ಕೂ ಕೆಲವು ದಿನ ಮುಂಚೆ ಬಿಸಿಲು ಬಂದಾಗ ಸೂರಿನಿಂದ ನೀರು ಹನಿ ಹನಿಯಾಗಿ ಯೂನಿಟ್ ಮೇಲೆ ಬಿದ್ದು, ಒಳಗಿಳಿದು ಗಡ್ಡೆಯಾಗಿತ್ತು. ರಾತ್ರಿ ಟಕ್ ಟಕ್ ಟಕ್ ಅಂತ ಸದ್ದು. ಫ್ಯಾನ್ ರೆಕ್ಕೆ ಮಂಜುಗಡ್ಡೆಗೆ ತಾಗುತ್ತಿತ್ತು. ರಿಮೋಟ್‌ನಲ್ಲಿ ನಿಲ್ಲಿಸಿ, ಬ್ರೇಕರ್ ಆರಿಸಿ, ಉಗುರುಬೆಚ್ಚಗಿನ ನೀರು ನಾಲ್ಕು ಬಕೆಟ್ ಸುರಿದೆ. ಚಾಕು, ಸ್ಕ್ರೂಡ್ರೈವರ್ ಮಾತ್ರ ಮುಟ್ಟಲಿಲ್ಲ. ದಯವಿಟ್ಟು ನೀವೂ ಮುಟ್ಟಬೇಡಿ. ಆ ಗಡ್ಡೆಯ ಹಿಂದೆಯೇ ಗ್ಯಾಸ್ ಓಡುವ ಕೊಳವೆ ಇರುತ್ತದೆ, ಒಂದು ತೂತು ಬಿದ್ದರೆ ಮುಗಿಯಿತು. ಆ ವಸಂತದಲ್ಲೇ ಯೂನಿಟ್ ಮೇಲೆ ಗೋಡೆಗೆ ಓರೆಯಾಗಿ ಒಂದು ತಗಡು ಹಾಕಿಸಿದೆ. ಆಮೇಲೆ ಆ ಸದ್ದು ಬಂದಿಲ್ಲ.

ಸಮುದ್ರ ಹತ್ತಿರ ಇರುವುದರಿಂದ ಗಾಳಿಯಲ್ಲಿ ಉಪ್ಪು. ಲೋಹಕ್ಕೆ ಅದು ಶತ್ರು. ವರ್ಷಕ್ಕೆರಡು ಸಲ, ಹಿಮ ಹೋದ ಮೇಲೆ ಮತ್ತು ಚಳಿ ಶುರುವಾಗುವ ಮೊದಲು, ಗಿಡಕ್ಕೆ ನೀರು ಬಿಡುವ ಪೈಪಿನಲ್ಲೇ ಮೆಲ್ಲಗೆ ಕಾಯಿಲ್ ತೊಳೆಯುತ್ತೇನೆ. ಪ್ರೆಷರ್ ವಾಷರ್ ಬೇಡವೇ ಬೇಡ, ಕಾಯಿಲ್‌ಗೆ ಅಂಟಿದ ತೆಳ್ಳನೆಯ ಲೋಹದ ಪಟ್ಟಿಗಳು (ಫಿನ್) ಮಡಚಿಕೊಂಡು ಗಾಳಿಯ ದಾರಿಯೇ ಮುಚ್ಚಿಹೋಗುತ್ತದೆ.

ನಮ್ಮೂರಲ್ಲಿ ಪ್ರತಿ ಬೇಸಿಗೆ "ಗ್ಯಾಸ್ ಖಾಲಿ, ತುಂಬಿಸಬೇಕು" ಅನ್ನುವುದನ್ನು ಕೇಳಿ ಬೆಳೆದವನು ನಾನು. ಆದರೆ ಇದು ಅಡುಗೆ ಸಿಲಿಂಡರ್ ಅಲ್ಲ, ಒಳಗಿನ ಗ್ಯಾಸ್ ಖರ್ಚಾಗುವುದಿಲ್ಲ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರಿದೆ, ಮೊದಲು ಆ ಜಾಗ ಹುಡುಕಬೇಕು. ಇದಕ್ಕೂ, ಒಳಗಿನ ಉದ್ದ ಫ್ಯಾನಿಗೆ ಅಂಟಿದ ಕಪ್ಪು ಬೂಷ್ಟು ತೊಳೆಯುವುದಕ್ಕೂ ಟೆಕ್ನಿಷಿಯನ್ ಕರೆಯುತ್ತೇನೆ. ವರ್ಷಕ್ಕೊಮ್ಮೆ ಬಂದು ಯೂನಿಟ್ ಸುತ್ತ ದೊಡ್ಡ ಪ್ಲಾಸ್ಟಿಕ್ ಚೀಲ ಕಟ್ಟಿ ತೊಳೆಯುತ್ತಾರೆ. ಮೊದಲ ಸಲ ಚೀಲಕ್ಕೆ ಇಳಿದ ನೀರು ಕಾಫಿ ಡಿಕಾಕ್ಷನ್ ಬಣ್ಣ ಇತ್ತು. ಮನೆಯಲ್ಲಿದ್ದ ಸಣ್ಣ ಮುಗ್ಗಲು ವಾಸನೆ ಅವತ್ತೇ ಹೋಯಿತು.

ಈಗ ಅಕ್ಟೋಬರ್. ಮೇಪಲ್ ಎಲೆ ಉದುರಿ ಯೂನಿಟ್‌ನ ಬೆನ್ನಿಗೆ ಅಂಟಿಕೊಳ್ಳುತ್ತಿವೆ. ಶನಿವಾರ ಬಿಸಿಲಿದ್ದರೆ ಅದನ್ನೆಲ್ಲ ಕೈಯಲ್ಲಿ ಆರಿಸಿ, ಈ ವರ್ಷದ ಕೊನೆಯ ಸಲ ನೀರು ಬಿಡಬೇಕು.