ಟ್ರಾಸ್ಟುಜುಮಾಬ್ ನಡೆಯುವಾಗ: ಉತ್ತರ ಕನ್ನಡದ ಮನೆಯವರು ನೋಡಿಕೊಳ್ಳಬೇಕಾದ್ದು

ಮೊದಲು ಬಯಾಪ್ಸಿಯ ಐಎಚ್‌ಸಿ ರಿಪೋರ್ಟ್ ತೆಗೆದು ಹರ್‌2 ಎಂಬ ಸಾಲು ನೋಡಿ. ಐಎಚ್‌ಸಿ ಎಂದರೆ ಗಡ್ಡೆಯ ತುಣುಕಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆ, ಹರ್‌2 ಎಂದರೆ ಕೋಶ ಬೆಳೆಯುವಂತೆ ಮಾಡುವ ಪ್ರೋಟೀನ್. ಅದು ಹೆಚ್ಚಿರುವ, ಬೇಗ ಹರಡುವ ಬಗೆಯ ಸ್ತನ ಕ್ಯಾನ್ಸರಿಗೆ, ಆ ಪ್ರೋಟೀನನ್ನು ತಡೆಯುವ ಟ್ರಾಸ್ಟುಜುಮಾಬ್ ಔಷಧ ಕೊಡುವುದು 3+ ಇದ್ದರೆ. 2+ ಬಂದಿದ್ದರೆ ಹರ್‌2 ಜೀನ್ ಎಣಿಸುವ ಫಿಶ್ ಪರೀಕ್ಷೆಯ ಫಲಿತಾಂಶ ಕೈಸೇರುವವರೆಗೆ ಔಷಧಕ್ಕೆ ದುಡ್ಡು ಕಟ್ಟಬೇಡಿ.

ಡೋಸ್ ತೂಕದ ಮೇಲೆ. ಮೂರು ವಾರಕ್ಕೊಮ್ಮೆ ಕೊಡುವ ಕ್ರಮದಲ್ಲಿ ಮೊದಲ ಸಲ ಕಿಲೋಗೆ 8 ಮಿ.ಗ್ರಾಂ, ಆಮೇಲೆ 6. ಆರಂಭದ ಹಂತದ ಕ್ಯಾನ್ಸರಿಗೆ ಸಾಮಾನ್ಯವಾಗಿ ಒಂದು ವರ್ಷ. 55 ಕಿಲೋ ತೂಕದವರಿಗೆ ಮೊದಲ ದಿನ ಸರಿಯಾಗಿ 440 ಮಿ.ಗ್ರಾಂನ ಒಂದು ವಯಲ್ (ಔಷಧದ ಸೀಸೆ). ನಂತರ 330ರಂತೆ ನಾಲ್ಕು ಡೋಸಿಗೆ ಮೂರು ವಯಲ್ ಸಾಕು. ಆದರೆ ಈ ಉಳಿತಾಯ ಆಗುವುದು ವಯಲ್ ಜೊತೆ ಬರುವ, ಬೆಂಜೈಲ್ ಆಲ್ಕೊಹಾಲ್ ಇರುವ ನೀರಿನಲ್ಲೇ ಕಲಸಿ 2ರಿಂದ 8 ಡಿಗ್ರಿಯಲ್ಲಿಟ್ಟರೆ ಮಾತ್ರ. ಆಗ 28 ದಿನ ಬರುತ್ತದೆ. ಬರೀ ಸ್ಟೆರೈಲ್ ನೀರಲ್ಲಿ ಕಲಸಿದರೆ ಉಳಿದದ್ದನ್ನು ಚೆಲ್ಲಬೇಕು. ತೆರೆದ ವಯಲ್ ಮನೆಗೆ ತರಬೇಡಿ. ಶಿರಸಿಯ ಮಳೆಗಾಲದ ಕರೆಂಟ್ ನಂಬಿ ಫ್ರಿಜ್‌ನಲ್ಲಿಡುವ ವಸ್ತುವಲ್ಲ ಅದು. ಹೆಸರು, ತೆರೆದ ತಾರೀಖು ಬರೆಸಿ ಆಸ್ಪತ್ರೆಯಲ್ಲೇ ಇಡಿಸಿ. ಹೊಸ ವಯಲ್ ಒಯ್ಯುವಾಗ ಐಸ್‌ಗೆ ನೇರ ತಾಗಿಸಬೇಡಿ, ಹೆಪ್ಪುಗಟ್ಟಿದರೆ ಕೆಟ್ಟಂತೆ. ಟವೆಲ್ ಸುತ್ತಿ ಡಬ್ಬಿಯಲ್ಲಿಡಿ. ಕಲಸುವಾಗ ಕುಲುಕಬಾರದು, ನೊರೆ ಬರುತ್ತದೆ. ಡ್ರಿಪ್‌ಗೆ 250 ಮಿ.ಲೀ. ನಾರ್ಮಲ್ ಸಲೈನ್ ಮಾತ್ರ, ಗ್ಲೂಕೋಸ್ ಅಲ್ಲ.

ಮೊದಲ ಡ್ರಿಪ್ 90 ನಿಮಿಷ. ಚಳಿ, ಜ್ವರ ಬರುವುದುಂಟು, ಹೆಚ್ಚಾಗಿ ಆ ದಿನವೇ. ಉಸಿರು ಕಟ್ಟಿದರೆ ತಕ್ಷಣ ನರ್ಸ್‌ಗೆ ಹೇಳಿ. ಅಂದೇ ಸಂಜೆಯ ಬಸ್ಸಿಗೆ ಓಡುವ ಲೆಕ್ಕ ಹಾಕಬೇಡಿ.

ನಮ್ಮ ಕಡೆ ತಪ್ಪುವುದು ತಾರೀಖು. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೊರಟವರಿಗೆ ಅರಬೈಲ್ ಘಟ್ಟದ ರಸ್ತೆ ಬಂದ್ ಆಗಿರುತ್ತದೆ. 2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ದಿನಗಟ್ಟಲೆ ನಿಂತಿತ್ತು. ತಡವಾದದ್ದು ಒಂದು ವಾರದೊಳಗಿದ್ದರೆ ಆದಷ್ಟು ಬೇಗ ಮಾಮೂಲಿ ಡೋಸ್, ಅಲ್ಲಿಂದ 21 ದಿನಕ್ಕೆ ಮುಂದಿನದು. ವಾರ ದಾಟಿದರೆ ರಕ್ತದಲ್ಲಿ ಔಷಧ ಇಳಿದಿರುತ್ತದೆ, ಮತ್ತೆ ಕಿಲೋಗೆ 8ರ ದೊಡ್ಡ ಡೋಸ್. ತೆರೆದಿಟ್ಟ ವಯಲಿನ 28 ದಿನವೂ ಅಂದಿಗೇ ಮುಗಿದಿರುತ್ತದೆ, ನಷ್ಟ ಎರಡು ಕಡೆ. ಜೂನ್‌ನಿಂದ ಆಗಸ್ಟ್‌ವರೆಗೆ ಹಿಂದಿನ ದಿನವೇ ಹೋಗಿ ಉಳಿಯಿರಿ.

ಎಕೋ (ಹೃದಯದ ಸ್ಕ್ಯಾನ್) ಬಿಡಬೇಡಿ: ಶುರುವಿಗೆ ಮೊದಲು, ಆಮೇಲೆ ಮೂರು ತಿಂಗಳಿಗೊಮ್ಮೆ, ಆದಷ್ಟೂ ಒಂದೇ ಕಡೆ. ಹೃದಯದ ಸ್ನಾಯುವಿಗೂ ಹರ್‌2 ಬೇಕು, ಅದನ್ನು ತಡೆಯುವ ಈ ಔಷಧದಿಂದ ಹೃದಯ ದುರ್ಬಲವಾಗಬಹುದು. ಎಜೆಕ್ಷನ್ ಫ್ರಾಕ್ಷನ್ (ಹೃದಯ ಒಂದು ಬಡಿತಕ್ಕೆ ಶೇಕಡಾ ಎಷ್ಟು ರಕ್ತ ಹೊರಹಾಕುತ್ತದೆ ಎಂಬ ಅಂಕ) 64ರಿಂದ 48ಕ್ಕೆ ಬಂದರೆ, ಅಂದರೆ 16 ಅಂಕ ಇಳಿದರೆ, ಔಷಧ ತಡೆಹಿಡಿಯುತ್ತಾರೆ. ಹೆಚ್ಚಿನವರಲ್ಲಿ ನಿಲ್ಲಿಸಿದ ಮೇಲೆ ಸುಧಾರಿಸುತ್ತದೆ. ಕಾಲು ಬಾತರೆ, ಮಲಗಿದಾಗ ಏದುಸಿರು ಬಂದರೆ, ಮುಂದಿನ ಎಕೋ ತಾರೀಖಿಗೆ ಕಾಯದೆ ಅದೇ ದಿನ ಡಾಕ್ಟರಿಗೆ ಫೋನ್ ಮಾಡಿ.